ಇಡೀ ಊರು ಬೇಡ, ಒಂದು ತಿರುವು ಕೇಳಿ: ರಸ್ತೆ ಸರಿ ಮಾಡಿಸುವವರಿಗೆ ಒಂದು ಕೈಪಿಡಿ

ಸುರಕ್ಷಿತ ರಸ್ತೆ ಬೇಕು, ಸೈಕಲ್‌ಗೆ ಪ್ರತ್ಯೇಕ ದಾರಿ ಬೇಕು ಅಂತ ಹೊರಡುವವರಲ್ಲಿ ಬಹಳ ಜನ ಮಾಡುವ ತಪ್ಪು ಒಂದೇ. ಇಡೀ ಊರನ್ನು ಒಟ್ಟಿಗೆ ಕೇಳುತ್ತಾರೆ. "ನಮ್ಮ ನಗರ ಸೈಕಲ್ ಸ್ನೇಹಿ ಆಗಬೇಕು" ಅಂತ ಮನವಿ ಬರೆದು, ನೂರಾರು ಸಹಿ ಹಾಕಿಸಿ, ಕೊಡುವಾಗ ಒಂದು ಫೋಟೋ ತೆಗೆಸಿಕೊಂಡು ಬರುತ್ತಾರೆ. ತೆಗೆದುಕೊಂಡವರು ನಕ್ಕು "ಖಂಡಿತ ನೋಡೋಣ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ನಾನೂ ಇಂಥದ್ದೇ ಒಂದು ಮನವಿ ಕೊಟ್ಟು ಬಂದವನು. ವರ್ಷ ಕಳೆದ ಮೇಲೆ ವಿಚಾರಿಸಿದರೆ ಅದು ಯಾರ ಮೇಜಿನ ಮೇಲಿದೆ ಅಂತ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸಿಟ್ಟು ಬಂತು ನಿಜ. ಆದರೆ ಮನೆಗೆ ಬಂದು ನನ್ನದೇ ಪ್ರತಿಯನ್ನು ಮತ್ತೆ ಓದಿದಾಗ, ಅದನ್ನು ಓದಿದ ಇಂಜಿನಿಯರ್ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನೋದೇ ಅದರಲ್ಲಿ ಎಲ್ಲೂ ಇರಲಿಲ್ಲ. ಒಂದು ಜಾಗ, ಒಂದು ಬೇಡಿಕೆ, ಅದನ್ನು ಮಾಡಿಕೊಡುವ ಅಧಿಕಾರ ಇರುವ ಒಬ್ಬ ಮನುಷ್ಯ. ಈ ಮೂರು ಇಲ್ಲದ ಮನವಿ ಬರೀ ಕಾಗದ. ಕೆಳಗೆ ಬರೆದಿರೋದೆಲ್ಲ ಈ ಮೂರನ್ನು ಹೊಂದಿಸಿಕೊಳ್ಳುವ ಕೆಲಸ.

ಮೊದಲು ಜಾಗ ಆರಿಸಿ

ಊರಲ್ಲೇ ಅತಿ ಕೆಟ್ಟ ಜಂಕ್ಷನ್ ಯಾವುದೋ ಅದು ಬೇಡ. ಅಪಾಯ ಅಲ್ಲೇ ಜಾಸ್ತಿ, ಒಪ್ಪುತ್ತೇನೆ. ಆದರೆ ಎಂಟು ದಾರಿ ಸೇರುವ, ಮೇಲೊಂದು ಸೇತುವೆ ಇರುವ, ಮೂರು ಇಲಾಖೆಗಳಿಗೆ ಹಂಚಿಹೋಗಿರುವ ಜಾಗವನ್ನು ಮೊದಲ ಸಲವೇ ಹಿಡಿದರೆ ವರ್ಷಗಟ್ಟಲೆ ಓಡಾಟ ಆಗುತ್ತದೆ, ಜೊತೆಗಿದ್ದವರು ಒಬ್ಬೊಬ್ಬರಾಗಿ ಮನೆ ಸೇರುತ್ತಾರೆ. ನೀವೇ ದಿನಾ ದಾಟುವ ಒಂದು ತಿರುವು ಹಿಡಿಯಿರಿ. ಶಾಲೆಯ ಎದುರಿನ ದಾಟು, ಬಸ್ ನಿಲ್ದಾಣದ ಮುಂದಿನ ಮೂಲೆ, ಎರಡು ಒಳ್ಳೆಯ ರಸ್ತೆಗಳ ನಡುವೆ ಸೈಕಲ್‌ನವರಿಗೆ ತಪ್ಪಿಸಿಕೊಳ್ಳಲಾಗದ ಮುನ್ನೂರು ಮೀಟರ್ ದುಃಸ್ವಪ್ನ. ಯಾರಿಗೆ ಹೇಳಿದರೂ "ಓ ಅದಾ, ನನಗೂ ಅಲ್ಲಿ ಭಯ" ಅನ್ನುವಂತಿದ್ದರೆ ಅದೇ ಸರಿಯಾದ ಜಾಗ.

ಆರಿಸಿದ ಮೇಲೆ ಅಲ್ಲಿ ಸುಮ್ನೆ ನಿಲ್ಲಿ. ಬೆಳಿಗ್ಗೆ ಒಂದು ಸಲ, ಶಾಲೆ ಬಿಡುವ ಹೊತ್ತಿಗೆ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ, ಸಾಧ್ಯವಾದರೆ ಮಳೆಯಲ್ಲೂ ಒಂದು ಸಲ. ಜನ ಎಲ್ಲಿ ತಡೆದು ನಿಲ್ಲುತ್ತಾರೆ, ಎಲ್ಲಿ ಓಡುತ್ತಾರೆ, ಸೈಕಲ್‌ನವರು ಯಾವ ಜಾಗದಲ್ಲಿ ಫುಟ್‌ಪಾತ್ ಹತ್ತುತ್ತಾರೆ ಅಂತ ನೋಡಿ. ಸೈಕಲ್ ಫುಟ್‌ಪಾತ್ ಹತ್ತಿತು ಅಂದರೆ ಸವಾರನಿಗೆ ಶಿಸ್ತಿಲ್ಲ ಅಂತ ಬೈಯುವ ಮೊದಲು, ಆ ಜಾಗದಲ್ಲಿ ರಸ್ತೆ ಅವನನ್ನು ಹೆದರಿಸಿದೆ ಅಂತ ಬರೆದುಕೊಳ್ಳಿ.

ಆಮೇಲೆ ಅಳೆಯಿರಿ, ಇಲ್ಲಿ ಸೋಮಾರಿತನ ಬೇಡ

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣವೇ ಇದು. ಭಯಂಕರ ಸಂಖ್ಯೆ. ಆದರೆ ಕಚೇರಿಯಲ್ಲಿ ಕೂತವರು ಇದಕ್ಕೆ ತಲೆಯಾಡಿಸಿ ಮುಂದಿನ ಫೈಲ್ ತೆಗೆಯುತ್ತಾರೆ. "ನಿಮ್ಮ ಈ ಮೂಲೆಯಲ್ಲಿ ಮಂಗಳವಾರ ಬೆಳಿಗ್ಗೆ ಹದಿನೈದು ನಿಮಿಷದಲ್ಲಿ 62 ಮಕ್ಕಳು ದಾಟಿದರು, ಅದರಲ್ಲಿ 19 ಮಕ್ಕಳು ಓಡಿ ದಾಟಿದರು" ಅಂತ ಹೇಳಿ ನೋಡಿ, ತಲೆ ಎತ್ತುತ್ತಾರೆ. ನಿಮ್ಮ ಸಂಖ್ಯೆ ಎಷ್ಟು ಬರುತ್ತದೋ ಅಷ್ಟೇ ಹೇಳಿ, ಒಂದನ್ನೂ ಹೆಚ್ಚಿಸಬೇಡಿ. ಒಂದು ಸುಳ್ಳು ಅಂಕಿ ಸಿಕ್ಕಿಬಿದ್ದರೆ ಉಳಿದದ್ದೆಲ್ಲ ಹೋಯಿತು.

ಎಣಿಕೆಗೆ ಒಂದು ಹಾಳೆ, ಒಂದು ಪೆನ್ನು ಸಾಕು. ಹದಿನೈದು ನಿಮಿಷದ ಲೆಕ್ಕ, ಮೂರು ಬೇರೆ ದಿನ, ಅದೇ ಹೊತ್ತು, ಅದೇ ಜಾಗ. ನಡೆಯುವವರು, ಸೈಕಲ್‌ನವರು, ಮಕ್ಕಳು, ವಯಸ್ಸಾದವರು, ಗಾಲಿಕುರ್ಚಿ ಅಥವಾ ಮಗುವಿನ ತಳ್ಳುಗಾಡಿ ಇರುವವರು, ಹೀಗೆ ಬೇರೆ ಬೇರೆ ಸಾಲು ಹಾಕಿ. ಸೈಕಲ್ ಓಡಿಸುವವರಲ್ಲಿ ಹೆಂಗಸರು ಎಷ್ಟು ಅಂತಲೂ ಎಣಿಸಿ. ಆ ಸಂಖ್ಯೆ ತುಂಬ ಕಡಿಮೆ ಇದ್ದರೆ ರಸ್ತೆಯ ಭಯವೂ ಅದಕ್ಕೊಂದು ಕಾರಣ ಇರಬಹುದು, ಅವರನ್ನೇ ಕೇಳಿ ನೋಡಿ.

ವೇಗ ಅಳೆಯೋಕೆ ಯಂತ್ರ ಬೇಡ. ರಸ್ತೆ ಬದಿಯಲ್ಲಿ 50 ಮೀಟರ್ ಅಂತರದ ಎರಡು ಗುರುತು ಹುಡುಕಿ, ದೀಪದ ಕಂಬ ಆದರೂ ಸರಿ, ಮರ ಆದರೂ ಸರಿ. ಫುಟ್‌ಪಾತ್ ಮೇಲೆ ನಿಂತುಕೊಂಡೇ, ವಾಹನ ಮೊದಲ ಗುರುತು ದಾಟಿದಾಗ ಫೋನಿನ ಸ್ಟಾಪ್‌ವಾಚ್ ಒತ್ತಿ, ಎರಡನೆಯದು ದಾಟಿದಾಗ ನಿಲ್ಲಿಸಿ. 180ನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬರುತ್ತದೆ. ಆರು ಸೆಕೆಂಡ್ ಆದರೆ 30, ಮೂರೂವರೆ ಸೆಕೆಂಡ್ ಆದರೆ 50ರ ಮೇಲೆ. ಇಬ್ಬರಿದ್ದರೆ ಇನ್ನೂ ಸುಲಭ, ಒಬ್ಬರು ನೋಡುತ್ತಾರೆ, ಒಬ್ಬರು ಬರೆಯುತ್ತಾರೆ. ಟ್ರಾಫಿಕ್ ಜಾಮ್ ಇರುವಾಗ ಅಳೆದು ಪ್ರಯೋಜನ ಇಲ್ಲ, ಮುಂದೆ ಅಡ್ಡ ಯಾರೂ ಇಲ್ಲದ ವಾಹನ ಮಾತ್ರ ತೆಗೆದುಕೊಳ್ಳಿ. ನಲವತ್ತು ವಾಹನ ಆದ ಮೇಲೆ ಕಡಿಮೆ ವೇಗದಿಂದ ಹೆಚ್ಚಿಗೆ ಸಾಲಾಗಿ ಬರೆದು ಮೂವತ್ತನಾಲ್ಕನೆಯದನ್ನು ನೋಡಿ. ನೂರಕ್ಕೆ 85 ವಾಹನ ಆ ವೇಗದಲ್ಲಿ ಅಥವಾ ಅದಕ್ಕಿಂತ ಕಡಿಮೆ ವೇಗದಲ್ಲಿ ಹೋಗುತ್ತವೆ ಅಂತ ಅರ್ಥ. ರಸ್ತೆ ಇಂಜಿನಿಯರ್‌ಗಳು ನೋಡುವ ಸಂಖ್ಯೆಯೇ ಇದು. ನಿಮ್ಮ ಪತ್ರದಲ್ಲಿ ಸರಾಸರಿಯ ಬದಲು ಇದನ್ನು ಕಂಡರೆ, ಇವರು ಏನೋ ಓದಿಕೊಂಡು ಬಂದಿದ್ದಾರೆ ಅಂತ ಅವರಿಗೆ ಅನ್ನಿಸುತ್ತದೆ. ಅದೊಂದು ಸಣ್ಣ ಖುಷಿ, ಅಲ್ವಾ?

ಸಿಗ್ನಲ್ ಇದ್ದರೆ ನಡೆಯುವವರ ಹಸಿರು ದೀಪ ಎಷ್ಟು ಸೆಕೆಂಡ್ ಅಂತ ನೋಡಿ, ರಸ್ತೆಯ ಅಗಲ ಟೇಪ್ ಹಿಡಿದು ಅಳೆಯಿರಿ. ಬಹಳ ಕಡೆ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಅಂತ ಲೆಕ್ಕ ಹಾಕಿ ಸಿಗ್ನಲ್ ಇಟ್ಟಿರುತ್ತಾರೆ. ವಯಸ್ಸಾದವರ ನಡಿಗೆ ಎಷ್ಟೋ ಸಲ 0.8ಕ್ಕೆ ಇಳಿಯುತ್ತದೆ. 15 ಮೀಟರ್ ದಾಟೋಕೆ ಮೊದಲನೆಯವರಿಗೆ ಹನ್ನೆರಡೂವರೆ ಸೆಕೆಂಡ್ ಸಾಕು, ಎರಡನೆಯವರಿಗೆ ಹತ್ತೊಂಬತ್ತು ಸೆಕೆಂಡ್ ಹತ್ತಿರ ಬೇಕು. ಆ ಆರೇಳು ಸೆಕೆಂಡ್ ಅವರು ರಸ್ತೆ ಮಧ್ಯದಲ್ಲಿ ಇರುತ್ತಾರೆ. ಕೇಳಬೇಕಾದದ್ದು ಇಷ್ಟೇ: ಏಳು ಸೆಕೆಂಡ್. ಡಾಂಬರೂ ಬೇಡ, ಸಿಮೆಂಟೂ ಬೇಡ.

ಪೊಲೀಸ್ ದಾಖಲೆಯಲ್ಲಿರುವ ಅಪಘಾತಗಳ ಪಟ್ಟಿಯನ್ನೂ ಕೇಳಿ ಪಡೆಯಿರಿ. ಬಹಳ ದೇಶಗಳಲ್ಲಿ ಮಾಹಿತಿ ಪಡೆಯುವ ಹಕ್ಕಿನ ಕಾನೂನು ಇದೆ, ಬಳಸಿಕೊಳ್ಳಿ. ಆದರೆ ಪಟ್ಟಿ ಖಾಲಿ ಇದೆ ಅಂತ ಜಾಗ ಸುರಕ್ಷಿತ ಅಂದುಕೊಳ್ಳಬೇಡಿ. ಕೂದಲೆಳೆಯಲ್ಲಿ ತಪ್ಪಿದ್ದು ಯಾವ ದಾಖಲೆಗೂ ಹೋಗುವುದಿಲ್ಲ, ಹೆದರಿ ಆ ದಾರಿ ಬಿಟ್ಟವರಂತೂ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ.

ಏನು ಕೇಳಬೇಕು

"ಏನಾದರೂ ಮಾಡಿ" ಅಂದರೆ ಒಂದು ಬೋರ್ಡ್ ನೆಡುತ್ತಾರೆ. ನಿಧಾನವಾಗಿ ಚಲಿಸಿ ಅಂತ. ಅದನ್ನು ಯಾರೂ ಓದುವುದಿಲ್ಲ. ಚಾಲಕನ ಕಾಲು ಬೋರ್ಡಿನ ಮಾತು ಕೇಳುವುದಿಲ್ಲ, ರಸ್ತೆಯ ಆಕಾರದ ಮಾತು ಕೇಳುತ್ತದೆ. ಅಗಲವಾದ, ನೇರವಾದ, ಮೂಲೆ ದುಂಡಗಿರುವ ರಸ್ತೆ ಕೊಟ್ಟು 30ರಲ್ಲಿ ಹೋಗಿ ಅಂದರೆ ಯಾರು ಹೋಗುತ್ತಾರೆ?

30 ಯಾಕೆ ಅಂತ ಕೇಳುವವರು ಸಿಕ್ಕೇ ಸಿಗುತ್ತಾರೆ, ಅವರಿಗಾಗಿ ಈ ಲೆಕ್ಕ ಇಟ್ಟುಕೊಳ್ಳಿ. ಅಡ್ಡ ಬಂದ ಮಗುವನ್ನು ಕಂಡು ಬ್ರೇಕ್ ತುಳಿಯೋಕೆ ಒಂದು ಸೆಕೆಂಡ್ ಬೇಕು ಅಂತಿಟ್ಟುಕೊಳ್ಳೋಣ. ಒಣ ರಸ್ತೆಯಲ್ಲಿ 30ರ ವೇಗದ ಕಾರು ಸುಮಾರು 13 ಮೀಟರ್‌ಗೆ ಪೂರ್ತಿ ನಿಲ್ಲುತ್ತದೆ. 50ರ ಕಾರು ಆ 13 ಮೀಟರ್ ದಾಟುವಾಗ ಬ್ರೇಕ್ ಹಿಡಿಯೋಕೆ ಇನ್ನೂ ಶುರುವನ್ನೇ ಮಾಡಿರುವುದಿಲ್ಲ. ಅಂದರೆ ಒಂದು ಕಾರು ನಿಂತ ಜಾಗದಲ್ಲೇ ಇನ್ನೊಂದು ಪೂರಾ 50ರಲ್ಲಿ ಗುದ್ದುತ್ತದೆ. ಆಸ್ಟ್ರಿಯಾದ ಗ್ರಾಜ್ ನಗರ 1992ರಲ್ಲೇ ತನ್ನ ಬಹುತೇಕ ರಸ್ತೆಗಳಿಗೆ 30 ಮಾಡಿತು. ಸ್ಪೇನ್ 2021ರಲ್ಲಿ, ಊರೊಳಗೆ ದಿಕ್ಕಿಗೆ ಒಂದೇ ಲೇನ್ ಇರುವ ರಸ್ತೆಗಳಿಗೆಲ್ಲ 30 ಅಂತ ಕಾನೂನು ಮಾಡಿತು. ಹೊಸ ಹುಚ್ಚೇನಲ್ಲ ಇದು.

ಬೇಡಿಕೆಯನ್ನು ಎರಡು ಗಾತ್ರದಲ್ಲಿ ಇಟ್ಟುಕೊಳ್ಳಿ. ಒಂದು, ಬಣ್ಣ, ರಬ್ಬರ್ ಕಂಬ, ಸಿಗ್ನಲ್ ಸಮಯದಿಂದ ಬೇಗ ಆಗುವುದು. ಇನ್ನೊಂದು, ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ದಾಟು, ನಡುವೆ ನಿಲ್ಲಲು ಒಂದು ದ್ವೀಪ, ಗಾಡಿ ನಿಧಾನವಾಗಿ ತಿರುಗುವಂತೆ ಚೂಪು ಮಾಡಿದ ಮೂಲೆ, ಹೀಗೆ ಹಣ ಮತ್ತು ಸಮಯ ಬೇಕಾದದ್ದು. ಮೊದಲನೆಯದನ್ನು ಈಗ ಕೇಳಿ, ಎರಡನೆಯದನ್ನು ಅದೇ ಪತ್ರದ ಕೊನೆಯ ಸಾಲಲ್ಲಿ ಇಡಿ.

ಅಗ್ಗದ ಬೇಡಿಕೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಮೂಲೆ ಖಾಲಿ ಮಾಡಿಸುವುದು. ದಾಟುವ ಜಾಗಕ್ಕೆ ಅಂಟಿಕೊಂಡಂತೆ ಕಾರು ನಿಲ್ಲಿಸಿದ್ದರೆ ಬರುವ ಚಾಲಕನಿಗೆ ಮಗು ಕಾಣುವುದಿಲ್ಲ, ಮಗುವಿಗೆ ಕಾರು ಕಾಣುವುದಿಲ್ಲ. ಆ ಕೆಲವು ಮೀಟರ್‌ನಲ್ಲಿ ಗಾಡಿ ನಿಲ್ಲದಂತೆ ಕಂಬವೋ ಸೈಕಲ್ ನಿಲ್ಲಿಸುವ ಸ್ಟ್ಯಾಂಡೋ ಇಟ್ಟರೆ ಆಯಿತು. ಅಮೆರಿಕದ ಹೊಬೊಕೆನ್ ಅನ್ನುವ ಸಣ್ಣ ಊರು ಇದನ್ನು ಮೂಲೆ ಮೂಲೆಗೂ ಮಾಡುತ್ತಾ ಬಂತು, ವೇಗವನ್ನೂ ಇಳಿಸಿತು. 2017ರ ಜನವರಿಯ ನಂತರ ಏಳು ವರ್ಷ ಅಲ್ಲಿ ಒಬ್ಬರೂ ರಸ್ತೆ ಅಪಘಾತದಲ್ಲಿ ಸಾಯಲಿಲ್ಲ.

ಸೈಕಲ್ ಲೇನ್ ಕೇಳುವವರಿಗೆ ಎರಡು ಮಾತು. ಬರೀ ಬಿಳಿ ಗೆರೆ ರಕ್ಷಣೆ ಅಲ್ಲ, ಬೇಗ ಅದು ಪಾರ್ಕಿಂಗ್ ಆಗುತ್ತದೆ. ಮಧ್ಯೆ ಏನಾದರೂ ಗಟ್ಟಿಯಾದದ್ದು ಇರಬೇಕು, ಕಟ್ಟೆಯೋ ಕಂಬವೋ ಗಿಡದ ತೊಟ್ಟಿಯೋ. ಅಗಲ ಎರಡು ಮೀಟರ್ ಕೇಳಿ, ಒಂದೂವರೆಗಿಂತ ಕೆಳಗೆ ಇಳಿಯಲೇಬೇಡಿ, ಒಬ್ಬರನ್ನೊಬ್ಬರು ದಾಟೋಕೆ ಆಗುವುದಿಲ್ಲ. ಪಕ್ಕದಲ್ಲಿ ಕಾರು ನಿಲ್ಲುವುದಾದರೆ ಬಾಗಿಲು ತೆರೆಯುವಷ್ಟು ಜಾಗ ಬೇರೆ ಬಿಡಿಸಿ. ಎರಡನೆಯದು, ನಕ್ಷೆಯಲ್ಲಿ ಲೇನ್ ಜಂಕ್ಷನ್ನಿಗೆ ಇಪ್ಪತ್ತು ಮೀಟರ್ ಮೊದಲೇ ಮಾಯವಾಗಿದೆಯಾ ಅಂತ ನೋಡಿ. ಎಷ್ಟೋ ಕಡೆ ಹಾಗೇ ಮಾಡಿರುತ್ತಾರೆ. ಈಜು ಬಾರದವನನ್ನು ದಡದಿಂದ ಕೈಹಿಡಿದು ನಡೆಸಿಕೊಂಡು ಬಂದು ಆಳದ ಹತ್ತಿರ ಕೈಬಿಟ್ಟ ಹಾಗೆ.

ಯಾರ ಮೇಜು, ಯಾವ ತಿಂಗಳು

ರಸ್ತೆ ಯಾರದು ಅಂತ ಪತ್ತೆ ಮಾಡಿ. ಡಾಂಬರು ಒಬ್ಬರದು, ಸಿಗ್ನಲ್ ಇನ್ನೊಬ್ಬರದು, ಫುಟ್‌ಪಾತ್ ಮತ್ತೊಬ್ಬರದು ಇರಬಹುದು, ಕೆಳಗಿನ ಪೈಪು ನಾಲ್ಕನೆಯವರದು. ತಪ್ಪು ಕಚೇರಿಗೆ ಪತ್ರ ಹೋದರೆ ಅವರು ನಿಮಗೆ ಹೇಳುವುದಿಲ್ಲ, ಸುಮ್ಮನೆ ಇಟ್ಟುಕೊಳ್ಳುತ್ತಾರೆ. ಚುನಾಯಿತ ಸದಸ್ಯರನ್ನು ಕಾಣಿ, ಆದರೆ ಅಲ್ಲಿಗೇ ನಿಲ್ಲಬೇಡಿ. ನಕ್ಷೆ ಬರೆಯುವ ಇಂಜಿನಿಯರ್ ಯಾರು ಅಂತ ಹುಡುಕಿ.

ಇನ್ನು ಕಾಲ. ನನ್ನ ಅನುಭವದಲ್ಲಿ ಅರ್ಧ ಗೆಲುವು ಇಲ್ಲೇ ಇದೆ. ರಸ್ತೆಗೆ ಹೊಸದಾಗಿ ಡಾಂಬರು ಹಾಕುವಾಗ ಹಳೆಯ ಗೆರೆಗಳೆಲ್ಲ ಅಳಿದುಹೋಗುತ್ತವೆ, ಹೇಗೂ ಹೊಸದಾಗಿ ಬರೆಯಬೇಕು. ಆಗ ಗೆರೆಯನ್ನು ಅರ್ಧ ಮೀಟರ್ ಆಚೆ ಬರೆಯೋಕೆ ಹೆಚ್ಚಿನ ಖರ್ಚೇನಿಲ್ಲ. ಆರು ತಿಂಗಳು ಬಿಟ್ಟು ಕೇಳಿದರೆ ಅದೇ ಕೆಲಸಕ್ಕೆ ಹೊಸ ಟೆಂಡರ್ ಬೇಕು. ಹಾಗಾಗಿ ಮುಂದಿನ ವರ್ಷ ಯಾವ ಯಾವ ರಸ್ತೆಗೆ ಡಾಂಬರು, ಎಲ್ಲಿ ಪೈಪ್ ಅಗೆತ ಅನ್ನುವ ಪಟ್ಟಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ನಿಮ್ಮ ತಿರುವು ಅದರಲ್ಲಿದ್ದರೆ ಬಿಡಬೇಡಿ. ಬಜೆಟ್ ಮಂಡನೆ ಆದ ಮೇಲೆ ಹಣ ಕೇಳಿ ಪ್ರಯೋಜನ ಇಲ್ಲ, ಅದಕ್ಕೆ ನಾಲ್ಕೈದು ತಿಂಗಳು ಮುಂಚೆಯೇ ಪತ್ರ ಅಲ್ಲಿರಬೇಕು.

ಜೊತೆಗೆ ಯಾರಿರಬೇಕು

ಐದು ಜನ ಸಾಕು. ಆದರೆ ಐದೂ ಜನ ಹೆಲ್ಮೆಟ್ ಹಾಕಿದ, ದುಬಾರಿ ಸೈಕಲ್ ಇರುವ ಗಂಡಸರಾಗಿದ್ದರೆ "ಹವ್ಯಾಸದವರು ಬಂದರು" ಅಂತ ಆಗುತ್ತದೆ. ಒಬ್ಬ ತಾಯಿ, ಒಬ್ಬ ಶಾಲಾ ಶಿಕ್ಷಕಿ, ಕೋಲು ಹಿಡಿದು ನಡೆಯುವ ಹಿರಿಯರು, ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುವವರು ಒಬ್ಬರು, ಕಾರು ಓಡಿಸುವವರೂ ಒಬ್ಬರು. ನೆದರ್‌ಲ್ಯಾಂಡ್ಸ್ ಹುಟ್ಟುತ್ತಲೇ ಸೈಕಲ್ಲಿನ ಸ್ವರ್ಗ ಆಗಿತ್ತು ಅಂತ ಬಹಳ ಜನ ನಂಬಿದ್ದಾರೆ. ಇಲ್ಲ. 1971ರಲ್ಲಿ ಅಲ್ಲಿ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಜಾಸ್ತಿ ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು "ಮಕ್ಕಳ ಕೊಲೆ ನಿಲ್ಲಿಸಿ" ಅಂತ ಪತ್ರಿಕೆಯಲ್ಲಿ ಬರೆದರು, ಅದೇ ಹೆಸರಲ್ಲಿ ಚಳವಳಿ ಹುಟ್ಟಿತು, ತಂದೆ ತಾಯಿ ಮಕ್ಕಳು ಬೀದಿಗೆ ಬಂದರು. ಅಲ್ಲಿ ಮಾತಾಡಿದ್ದು ಸೈಕಲ್ ಕ್ಲಬ್ಬಿನ ಭಾಷೆ ಅಲ್ಲ, ಮನೆಯ ಭಾಷೆ.

ಅಂಗಡಿಯವರನ್ನು ಸಭೆಗೆ ಮೊದಲೇ, ಒಬ್ಬೊಬ್ಬರಾಗಿ ಹೋಗಿ ಕಾಣಿ. ಪಾರ್ಕಿಂಗ್ ಹೋದರೆ ವ್ಯಾಪಾರ ಹೋಗುತ್ತದೆ ಅನ್ನುವ ಭಯ ಅವರಿಗೆ ನಿಜವಾದದ್ದು, ಗೇಲಿ ಮಾಡಬೇಡಿ. ಬರ್ಲಿನ್‌ನ ಎರಡು ವ್ಯಾಪಾರದ ಬೀದಿಗಳಲ್ಲಿ ವಿಚಾರಿಸಿದಾಗ, ಗಿರಾಕಿಗಳಲ್ಲಿ ಐದರಲ್ಲಿ ಒಬ್ಬರು ಕಾರಲ್ಲಿ ಬರುತ್ತಾರೆ ಅಂತ ಅಂಗಡಿಯವರು ಅಂದಾಜು ಮಾಡಿದ್ದರು, ನಿಜಕ್ಕೂ ಇದ್ದದ್ದು ನೂರಕ್ಕೆ ಏಳರಷ್ಟು. ಈ ಅಂಕಿ ಅವರ ಮುಖಕ್ಕೆ ಹಿಡಿಯುವ ಬದಲು, "ಒಂದು ದಿನ ನಿಮ್ಮ ಬಾಗಿಲಲ್ಲೇ ನಿಂತು ಗಿರಾಕಿಗಳನ್ನು ಹೇಗೆ ಬಂದಿರಿ ಅಂತ ಕೇಳಲಾ?" ಅಂತ ಅನುಮತಿ ಕೇಳಿ. ಸರಕು ಇಳಿಸೋಕೆ ಜಾಗ ಎಲ್ಲಿ ಬೇಕು, ಎಷ್ಟು ಹೊತ್ತಿಗೆ ಬೇಕು ಅಂತಲೂ ಕೇಳಿ ಬರೆದುಕೊಳ್ಳಿ. ಅದು ನಿಮ್ಮ ನಕ್ಷೆಯಲ್ಲಿ ಇದ್ದರೆ ಅರ್ಧ ಜಗಳ ಅಲ್ಲೇ ಮುಗಿಯಿತು.

ಪತ್ರ

ಒಂದು ಪುಟ. ಎರಡನೇ ಪುಟ ಓದುವವರಿಲ್ಲ. ಮಾದರಿಗೆ ಹೀಗೆ:

"ಮಾನ್ಯರೇ, ಶಾಲೆಯ ಎದುರಿನ ದಾಟುವ ಜಾಗದ ಎರಡೂ ಬದಿಯಲ್ಲಿ ಆರು ಮೀಟರ್‌ವರೆಗೆ ವಾಹನ ನಿಲ್ಲದಂತೆ ಕಂಬ ಹಾಕಿಸಿಕೊಡಬೇಕೆಂದು ಕೇಳುತ್ತಿದ್ದೇವೆ. ಮೂರು ದಿನ ಎಣಿಸಿದ್ದೇವೆ, ಲೆಕ್ಕ ಇದೇ ಹಾಳೆಯ ಹಿಂಬದಿಯಲ್ಲಿದೆ. ನೂರಕ್ಕೆ 85 ವಾಹನಗಳ ವೇಗ ಇಷ್ಟು ಬಂದಿದೆ. ಇಷ್ಟನೇ ತಾರೀಕು ತೆಗೆದ ಎರಡು ಫೋಟೋ ಇವೆ. ಈ ರಸ್ತೆಗೆ ಬರುವ ತಿಂಗಳು ಡಾಂಬರು ಹಾಕುವ ಯೋಜನೆ ಇರುವುದರಿಂದ ಆಗಲೇ ಇದನ್ನೂ ಸೇರಿಸಬಹುದು. ತಮ್ಮ ಜೊತೆ ಸ್ಥಳದಲ್ಲೇ ಹದಿನೈದು ನಿಮಿಷ ನಿಂತು ತೋರಿಸಲು ನಾವು ಸಿದ್ಧ. ಯಾವ ದಿನ ಬರಬಹುದು ತಿಳಿಸಿ."

ಬೇಡಿಕೆ ಮೊದಲ ಸಾಲಲ್ಲೇ ಬಂತು ನೋಡಿ. ಕೊನೆಯಲ್ಲಿ ಪ್ರಶ್ನೆ ಇದೆ, ಅದಕ್ಕೆ ಉತ್ತರ ಕೊಡಲೇಬೇಕು. ಸ್ವೀಕೃತಿ ಹಾಕಿಸಿಕೊಳ್ಳಿ, ದಿನಾಂಕ ಬರೆದಿಟ್ಟುಕೊಳ್ಳಿ, ಮೂರು ವಾರಕ್ಕೊಮ್ಮೆ ಬೇಜಾರಿಲ್ಲದೆ ವಿಚಾರಿಸಿ.

ಭೇಟಿ ಸಿಕ್ಕಾಗ

ಸಾಧ್ಯವಾದರೆ ಕಚೇರಿಯಲ್ಲಿ ಬೇಡ, ಆ ತಿರುವಿನಲ್ಲೇ ಭೇಟಿಯಾಗಿ. ಅಧಿಕಾರಿಯನ್ನು ಹಿರಿಯರೊಬ್ಬರ ಜೊತೆ ಒಂದು ಸಲ ರಸ್ತೆ ದಾಟಿಸಿ. ಇದರ ಮುಂದೆ ನನ್ನ ಯಾವ ಭಾಷಣವೂ ನಿಲ್ಲಲಿಲ್ಲ.

"ಆಗಲ್ಲ" ಅಂದರೆ "ಹಾಗಾದರೆ ಆರು ತಿಂಗಳು ಪ್ರಯೋಗ ಮಾಡೋಣ, ಕೋನ್ ಇಟ್ಟು ನೋಡೋಣ" ಅನ್ನಿ. ಪ್ರಯೋಗಕ್ಕೆ ಒಪ್ಪಿಕೊಂಡವರಿಗೆ ಮುಖ ಉಳಿಯುತ್ತದೆ, ತೆಗೆದುಹಾಕುವ ದಾರಿಯೂ ಇರುತ್ತದೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ 2009ರಲ್ಲಿ ಕಾರುಗಳನ್ನು ತಡೆದು ಮಡಚುವ ಕುರ್ಚಿ ಹಾಕಿದ್ದು ಪ್ರಯೋಗ ಅಂತಲೇ. ಮುಂದಿನ ವರ್ಷ ಅದನ್ನು ಕಾಯಂ ಮಾಡಿದರು. ಆದರೆ ಪ್ರಯೋಗಕ್ಕೆ ಮೊದಲಿನ ಎಣಿಕೆ ನಿಮ್ಮ ಕೈಯಲ್ಲಿರಬೇಕು. ಇಲ್ಲದಿದ್ದರೆ ಆಮೇಲೆ ಏನು ಬದಲಾಯಿತು ಅಂತ ತೋರಿಸೋಕೆ ಆಗುವುದಿಲ್ಲ.

ಮನೆಗೆ ಬಂದ ದಿನವೇ ಒಂದು ಈಮೇಲ್ ಕಳಿಸಿ: ಇಂದು ಮಾತಾಡಿದ್ದು ಇದು, ತಾವು ಒಪ್ಪಿದ್ದು ಇದು, ಮುಂದಿನ ಹೆಜ್ಜೆ ಇದು. ವರ್ಗಾವಣೆ ಆಗಿ ಹೊಸಬರು ಬಂದಾಗ ನಿಮ್ಮನ್ನು ಕಾಪಾಡುವುದು ಈ ಈಮೇಲ್ ಒಂದೇ.

ವಿರೋಧ ಬರುತ್ತದೆ

"ಇಲ್ಲಿ ಸೈಕಲ್ ಓಡಿಸುವವರೇ ಇಲ್ಲ, ಲೇನ್ ಯಾಕೆ?" ಇದು ಮೊದಲ ಪ್ರಶ್ನೆ. ಸ್ಪೇನಿನ ಸೆವಿಲ್‌ನಲ್ಲೂ ಓಡಿಸುವವರು ಇಲ್ಲ ಅನ್ನುವಷ್ಟೇ ಕಡಿಮೆ ಇದ್ದರು. 2006ರ ಆಸುಪಾಸಿನಲ್ಲಿ ಅವರು ತುಂಡು ತುಂಡಾಗಿ ಅಲ್ಲ, ಒಂದಕ್ಕೊಂದು ಸೇರಿದ ಸುಮಾರು 80 ಕಿಲೋಮೀಟರ್ ಜಾಲವನ್ನು ಒಂದೇ ಏಟಿಗೆ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಸೈಕಲ್ ಪ್ರಯಾಣ ಹತ್ತು ಪಟ್ಟಿನ ಹತ್ತಿರ ಏರಿತು.

"ಸೈಕಲ್‌ನವರು ಮೊದಲು ನಿಯಮ ಪಾಲಿಸಲಿ." ಕೆಲವರು ಪಾಲಿಸುವುದಿಲ್ಲ, ಒಪ್ಪಿಕೊಂಡುಬಿಡಿ. ಕಾರಿನವರೂ ಪಾಲಿಸುವುದಿಲ್ಲ ಅಂತ ವಾದಕ್ಕೆ ಇಳಿದರೆ ಸಂಜೆ ಅಲ್ಲೇ ಆಗುತ್ತದೆ. ಮನುಷ್ಯ ತಪ್ಪು ಮಾಡುತ್ತಲೇ ಇರುತ್ತಾನೆ, ಆ ತಪ್ಪಿಗೆ ಸಾವು ಶಿಕ್ಷೆ ಆಗದ ಹಾಗೆ ರಸ್ತೆ ಕಟ್ಟಬೇಕು ಅನ್ನೋದು ಸ್ವೀಡನ್ 1997ರಲ್ಲಿ ಸಂಸತ್ತಿನಲ್ಲೇ ಒಪ್ಪಿದ ನೀತಿ. ಅಷ್ಟು ಹೇಳಿ ಮುಂದಿನ ವಿಷಯಕ್ಕೆ ಹೋಗಿ.

"ಆಂಬುಲೆನ್ಸ್ ಹೇಗೆ ಹೋಗಬೇಕು?" ಇದು ಒಳ್ಳೆಯ ಪ್ರಶ್ನೆ, ಹಗುರವಾಗಿ ತೆಗೆದುಕೊಳ್ಳಬೇಡಿ. ಅಗ್ನಿಶಾಮಕದವರನ್ನೂ ಆಂಬುಲೆನ್ಸ್ ಓಡಿಸುವವರನ್ನೂ ನಕ್ಷೆ ಮುಗಿಯುವ ಮೊದಲೇ ಕೇಳಿ. ಅಗಲವಾದ ಸೈಕಲ್ ಲೇನ್ ಆದರೆ ಜಾಮ್ ಆದಾಗ ಅವರಿಗೇ ದಾರಿಯಾಗುತ್ತದೆ, ಆದರೆ ಅದನ್ನು ನೀವು ಹೇಳುವುದಕ್ಕಿಂತ ಅವರ ಬಾಯಲ್ಲಿ ಬಂದರೆ ಚೆನ್ನ.

ಫೋನಿನ ಗುಂಪುಗಳಲ್ಲಿ ಜಗಳ ಆಡಬೇಡಿ. ನಾನು ಆಡಿದ್ದೇನೆ, ಎರಡು ರಾತ್ರಿ ನಿದ್ದೆ ಹೋಗಿದ್ದು ಬಿಟ್ಟರೆ ಏನೂ ಸಿಗಲಿಲ್ಲ. ಸಿಟ್ಟಾದ ಒಬ್ಬರನ್ನು ಆರಿಸಿ, ಬನ್ನಿ ಅಲ್ಲೇ ನಿಂತು ನೋಡೋಣ ಅಂತ ಕರೆಯಿರಿ.

ಕೆಲಸ ಆದ ಮೇಲೆ

ಕಂಬ ಬಂತು, ಗೆರೆ ಬಂತು. ಈಗ ಇಂಜಿನಿಯರ್‌ಗೆ ಧನ್ಯವಾದದ ಪತ್ರ ಬರೆಯಿರಿ, ಅವರ ಮೇಲಿನವರಿಗೂ ಒಂದು ಪ್ರತಿ. ಇವರಿಗೆ ಬೈಗುಳದ ಪತ್ರ ಬರುತ್ತವೆ, ಇಂಥದ್ದು ಅಪರೂಪ. ಲೇನ್ ಗುಡಿಸುವವರು ಯಾರು, ಮುರಿದ ಕಂಬ ಬದಲಿಸುವವರು ಯಾರು ಅಂತ ಆ ಪತ್ರದಲ್ಲೇ ಕೇಳಿಬಿಡಿ. ಗಾಜಿನ ಚೂರು ತುಂಬಿದ ಲೇನ್ ಬಿಟ್ಟು ಜನ ಮತ್ತೆ ರಸ್ತೆಗೆ ಇಳಿದರೆ, ಕಟ್ಟಿದ್ದೇ ದಂಡ ಅನ್ನೋಕೆ ಕಾಯುತ್ತಿರುವವರು ಇದ್ದೇ ಇರುತ್ತಾರೆ.

ಮೂರು ತಿಂಗಳು ಬಿಟ್ಟು ಅದೇ ಹಾಳೆ ಹಿಡಿದು ಅದೇ ಮೂಲೆಗೆ, ಅದೇ ಹೊತ್ತಿಗೆ ಹೋಗಿ. ಹದಿನೈದು ನಿಮಿಷ, ಮೂರು ದಿನ. ನಲವತ್ತು ವಾಹನದ ವೇಗ. ಓಡಿ ದಾಟುವ ಮಕ್ಕಳು ಎಷ್ಟು ಅಂತ ಮತ್ತೆ ಎಣಿಸಿ. ಹಳೆಯ ಸಂಖ್ಯೆ, ಹೊಸ ಸಂಖ್ಯೆ ಪಕ್ಕಪಕ್ಕ ಬರೆದು ಅದೇ ಇಂಜಿನಿಯರ್‌ಗೆ ಕಳಿಸಿ, ಕೆಳಗೆ ಮುಂದಿನ ತಿರುವಿನ ಫೋಟೋ ಲಗತ್ತಿಸಿ.